ಅಮ್ಮನ ಬೇರಿಯಾಟ್ರಿಕ್ ಆಪರೇಷನ್: ಮಕ್ಕಳಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು?

ಹೊಂಗೆ_ನೆರಳು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ವಿಜಯನಗರದಲ್ಲಿ. ಇನ್ನು ಮೂರು ವಾರಕ್ಕೆ ನನಗೆ ಸ್ಲೀವ್ ಗ್ಯಾಸ್ಟ್ರೆಕ್ಟಮಿ, ಅಂದರೆ ತೂಕ ಇಳಿಸೋಕೆ ಜಠರ ಚಿಕ್ಕದು ಮಾಡೋ ಬೇರಿಯಾಟ್ರಿಕ್ ಆಪರೇಷನ್ ನಿಗದಿಯಾಗಿದೆ. ಟೈಪ್ 2 ಶುಗರ್ ಇದೆ, ಮಾತ್ರೆಗೆ ಹತೋಟಿಗೆ ಬರುತ್ತಿಲ್ಲ. ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲೋ ತೊಂದರೆ) ಇರೋದರಿಂದ ರಾತ್ರಿ ಮಾಸ್ಕಿನಿಂದ ಗಾಳಿ ಕೊಡೋ ಸಿಪ್ಯಾಪ್ ಮೆಷಿನ್ ಹಾಕಿಕೊಂಡೇ ಮಲಗಬೇಕು. ಸರ್ಜನ್, ಡಯಟಿಷಿಯನ್, ಅನಸ್ತೇಷಿಯಾ ಡಾಕ್ಟರ್ ಎಲ್ಲರ ಹತ್ತಿರವೂ ಮಾತಾಡಿ ಆಗಿದೆ. ಮಕ್ಕಳ ಹತ್ತಿರ ಮಾತ್ರ ಇನ್ನೂ ಬಾಯಿ ಬಿಟ್ಟಿಲ್ಲ. ಮಗಳಿಗೆ 11, ಮಗನಿಗೆ 5.

"ಧರ್ಮಸ್ಥಳಕ್ಕೆ ಹೋಗಿದ್ದಾಳೆ ಅಂದರೆ ಆಯ್ತು, ಚಿಕ್ಕ ಮಕ್ಕಳ ತಲೆಗೆ ಇದನ್ನೆಲ್ಲ ಯಾಕೆ ತುಂಬೋದು" ಅಂತ ಅತ್ತೆ. ಮಗಳಿಗೆ ಮಾತ್ರ ಹೇಳೋಣ, ಮಗನಿಗೆ ಬೇಡ ಅಂತ ಯಜಮಾನರು. ಇಬ್ಬರಿಗೂ ಹೇಳಬೇಕು ಅಂತ ನನ್ನ ಮನಸ್ಸು. ಆದರೆ ಎಷ್ಟು ದಿನ ಮುಂಚೆ, ಯಾವ ಮಾತಿನಲ್ಲಿ? ಇನ್ನೊಂದು ಚಿಂತೆ ಮಗಳದ್ದು. ಅವಳೂ ಸ್ವಲ್ಪ ದುಂಡಗಿದ್ದಾಳೆ, ಮದುವೆ-ಮುಂಜಿಗೆ ಹೋದರೆ "ಥೇಟ್ ಅಮ್ಮನ ಹಾಗೇ" ಅಂತ ನೆಂಟರು ಅನ್ನುತ್ತಾರೆ. ತೂಕ ಇಳಿಸೋ ಆಪರೇಷನ್ ಅಂದರೆ ಅವಳು ಅದನ್ನು ಹೇಗೆ ತಗೊಳ್ಳುತ್ತಾಳೋ. ಆಸ್ಪತ್ರೆಗೆ ಮಕ್ಕಳನ್ನು ಕರೆಸಬಹುದಾ? ಮನೆಗೆ ಬಂದ ಮೇಲೆ ಊಟದ ವಿಷಯ ಹೇಗೆ ನಿಭಾಯಿಸೋದು? ಈ ಕೆಲಸ ಬಲ್ಲವರು ದಯವಿಟ್ಟು ವಿವರವಾಗಿ ಹೇಳಿ.

ಮಕ್ಕಳ_ಮಾತು (ಮಕ್ಕಳ ಆಪ್ತಸಮಾಲೋಚಕಿ):

ಮೊದಲು ಧರ್ಮಸ್ಥಳದ ವಿಷಯ. ಅತ್ತೆಯವರ ಕಾಳಜಿ ಅರ್ಥವಾಗುತ್ತೆ. ಆದರೆ ಆ ಸುಳ್ಳು ನಿಲ್ಲೋದು ನೀವು ಮನೆಗೆ ಬರೋ ತನಕ ಮಾತ್ರ. ಹೊಟ್ಟೆ ಮೇಲೆ ನಾಲ್ಕೈದು ಪ್ಲಾಸ್ಟರ್, ಮುಂಗೈಯಲ್ಲಿ ಸೂಜಿ ಚುಚ್ಚಿದ ನೀಲಿ ಕಲೆ, ಬಗ್ಗೋಕಾಗದ ನಡಿಗೆ ಇವನ್ನು 5 ವರ್ಷದ ಮಗುವಿನಿಂದಲೂ ಮುಚ್ಚಿಡೋಕಾಗಲ್ಲ. ಹೇಳದೇ ಬಿಟ್ಟ ಜಾಗವನ್ನು ಮಕ್ಕಳು ತಮ್ಮದೇ ಕಲ್ಪನೆಯಿಂದ ತುಂಬಿಕೊಳ್ಳುತ್ತಾರೆ, ಅದು ಯಾವಾಗಲೂ ನಿಜಕ್ಕಿಂತ ಭಯಂಕರವಾಗಿರುತ್ತೆ. ಮುಂದೆ ನೀವು ನಿಜವಾಗಿ ಧರ್ಮಸ್ಥಳಕ್ಕೆ ಹೊರಟರೂ ಮಗ ಬಾಗಿಲಲ್ಲಿ ಸೆರಗು ಹಿಡಿದು ಅಳ್ತಾನೆ. ಮಗಳಿಗೆ ಹೇಳಿ "ತಮ್ಮನಿಗೆ ಹೇಳಬೇಡ" ಅಂದರೆ ಆ ಗುಟ್ಟಿನ ಭಾರ ಅವಳ ತಲೆ ಮೇಲೆ. ಹಾಗಾಗಿ ಇಬ್ಬರಿಗೂ ಹೇಳಿ, ಆದರೆ ಬೇರೆ ಬೇರೆ ದಿನ, ಬೇರೆ ಬೇರೆ ಅಳತೆಯಲ್ಲಿ.

ಮಗಳಿಗೆ ಈ ವಾರವೇ ಹೇಳಿ. 11ರ ವಯಸ್ಸಿಗೆ ಯೋಚಿಸಿ, ಮತ್ತೆ ಬಂದು ಕೇಳೋಕೆ ಎರಡು ವಾರವಾದರೂ ಬೇಕು. ಮಗನಿಗೆ ನಾಲ್ಕೈದು ದಿನ ಮುಂಚೆ ಸಾಕು. ಆ ವಯಸ್ಸಿಗೆ "ಮೂರು ವಾರ" ಅಂದರೆ ಲೆಕ್ಕಕ್ಕೆ ಸಿಗಲ್ಲ, ದಿನಾ ಬೆಳಿಗ್ಗೆ "ಇವತ್ತಾ?" ಅಂತ ಕೇಳಿ ಆತಂಕ ಬೆಳೆಸಿಕೊಳ್ತಾನೆ. ಮಲಗೋ ಹೊತ್ತಿನಲ್ಲಿ ಹೇಳಬೇಡಿ. ಸಂಜೆ ಆಟ ಮುಗಿಸಿ ಬಂದಾಗ, ಇನ್ನೂ ಎರಡು ಗಂಟೆ ಎಚ್ಚರವಾಗಿರುವಾಗ ಹೇಳಿ. ಮಾತು ನಿಮ್ಮ ಬಾಯಿಂದಲೇ ಬರಲಿ, ಯಜಮಾನರು ಪಕ್ಕದಲ್ಲಿರಲಿ.

ಮಗನಿಗೆ ಹೆಚ್ಚುಕಡಿಮೆ ಇಷ್ಟು ಹೇಳಿದರೆ ಸಾಕು:

"ನಾವು ತಿಂದ ಊಟ ಹೋಗಿ ಕೂರೋಕೆ ಹೊಟ್ಟೆಯೊಳಗೆ ಒಂದು ಚೀಲ ಇದೆ, ಅದರ ಹೆಸರು ಜಠರ. ಅಮ್ಮನ ಶುಗರ್ ಕಾಯಿಲೆ ಕಡಿಮೆ ಆಗಲಿ ಅಂತ ಡಾಕ್ಟರ್ ಅದನ್ನು ಚಿಕ್ಕದು ಮಾಡ್ತಾರೆ. ಅಮ್ಮ ಮೂರು ರಾತ್ರಿ ಆಸ್ಪತ್ರೆಯಲ್ಲಿ ಮಲಗ್ತೀನಿ. ನಿನ್ನನ್ನ ವ್ಯಾನ್ ಹತ್ತಿಸೋದು ಅಜ್ಜಿ, ರಾತ್ರಿ ಜೊತೆಗೆ ಮಲಗೋದು ಅಪ್ಪ. ಮನೆಗೆ ಬಂದ ಮೇಲೆ ಸ್ವಲ್ಪ ದಿನ ನಿನ್ನನ್ನ ಎತ್ತಿಕೊಳ್ಳೋಕಾಗಲ್ಲ, ಆದರೆ ಪಕ್ಕದಲ್ಲಿ ಕೂರಿಸಿಕೊಂಡು ತಬ್ಬಿಕೊಳ್ತೀನಿ. ಇದು ಯಾರ ತಪ್ಪಿನಿಂದಲೂ ಬಂದಿದ್ದಲ್ಲ."

ಕೊನೆಯ ವಾಕ್ಯ ಬಿಡಲೇಬೇಡಿ. 3ರಿಂದ 7 ವರ್ಷದ ಮಕ್ಕಳು ತಾವು ಹಟ ಮಾಡಿದ್ದಕ್ಕೇ ಅಮ್ಮನಿಗೆ ಹೀಗಾಯ್ತು ಅಂತ ನಂಬೋದು ಸಾಮಾನ್ಯ, ಬಾಯಿಬಿಟ್ಟು ಹೇಳೋದಿಲ್ಲ ಅಷ್ಟೆ. ನಿಮ್ಮ ಮನೆಯಲ್ಲಿ "ಊಟ ಮಾಡು, ಇಲ್ಲಾಂದ್ರೆ ಅಮ್ಮನಿಗೆ ಹುಷಾರು ತಪ್ಪುತ್ತೆ" ಅನ್ನೋ ಮಾತು ಚಾಲ್ತಿಯಲ್ಲಿದ್ದರೆ ಇವತ್ತಿನಿಂದಲೇ ನಿಲ್ಲಿಸಿ.

ಕೆಲವು ಮಾತುಗಳು ಎಡವಟ್ಟು ಮಾಡುತ್ತವೆ. ಬರೀ "ಹೊಟ್ಟೆ ಆಪರೇಷನ್" ಅಂದರೆ ಪಾಪು ಬರುತ್ತೆ ಅಂದುಕೊಳ್ತಾರೆ, ಸಿಸೇರಿಯನ್ ಸುದ್ದಿ ಅವರ ಕಿವಿಗೆ ಬಿದ್ದಿರುತ್ತಲ್ಲ. ಪಾಪು ಅಲ್ಲ ಅಂತ ನೀವೇ ಮುಂಚೆ ಹೇಳಿಬಿಡಿ. "ನಿದ್ದೆ ಮಾಡಿಸ್ತಾರೆ" ಅನ್ನಬೇಡಿ. ತೀರಿಹೋದ ತಾತನನ್ನೂ "ಮಲಗಿದ್ದಾರೆ" ಅಂತಲೇ ಮಕ್ಕಳಿಗೆ ತೋರಿಸಿರುತ್ತೇವೆ. "ನೋವು ಗೊತ್ತಾಗದ ಹಾಗೆ ಒಂದು ಔಷಧಿ ಕೊಡ್ತಾರೆ, ಅದನ್ನ ಕೊಡೋ ಡಾಕ್ಟರ್ ಪೂರ್ತಿ ಹೊತ್ತು ಅಮ್ಮನ ತಲೆಹತ್ತಿರವೇ ಇರ್ತಾರೆ, ಆಪರೇಷನ್ ಮುಗಿದ ಕೂಡಲೇ ಔಷಧಿ ನಿಲ್ಲಿಸಿ ಎಬ್ಬಿಸ್ತಾರೆ" ಅನ್ನಿ. "ಕತ್ತರಿಸ್ತಾರೆ" ಬದಲು "ಚಿಕ್ಕದು ಮಾಡ್ತಾರೆ" ಸಾಕು. ಮಗಳು ಕೇಳಿದರೆ ಮಾತ್ರ ನಿಜವಾದ ವಿವರ ಕೊಡಿ: ಮುಕ್ಕಾಲು ಭಾಗಕ್ಕಿಂತ ಹೆಚ್ಚು ಜಠರ ತೆಗೀತಾರೆ, ಉಳಿದಿದ್ದು ಬಾಳೆಹಣ್ಣಿನ ಆಕಾರದ ಕೊಳವೆ, 100ರಿಂದ 150 ಎಂಎಲ್ ಹಿಡಿಯುತ್ತೆ, ಕತ್ತರಿಸಿದ ಅಂಚನ್ನು ಸಣ್ಣ ಪಿನ್‌ಗಳಿಂದ ಅಲ್ಲೇ ಮುಚ್ಚುತ್ತಾರೆ.

"ನೀನು ಸತ್ತು ಹೋಗ್ತೀಯಾ?" ಈ ಪ್ರಶ್ನೆ ಬಂದೇ ಬರುತ್ತೆ. "ಛೀ, ಬಿಡ್ತು ಅನ್ನು" ಅಂತ ಬಾಯಿ ಮುಚ್ಚಿಸಬೇಡಿ. ಮತ್ತೆ ಕೇಳೋದಿಲ್ಲ, ಒಳಗೇ ಇಟ್ಟುಕೊಳ್ತಾರೆ. ಮಗನಿಗೆ: "ಈ ಆಪರೇಷನ್ ತುಂಬಾ ಜನಕ್ಕೆ ಮಾಡಿದಾರೆ, ಮನೆಗೆ ವಾಪಸ್ ಬಂದು ಚೆನ್ನಾಗಿದಾರೆ. ಅಮ್ಮನೂ ಬರ್ತೀನಿ." ಮಗಳಿಗೆ ಅಂಕಿ ಹೇಳಬಹುದು: ದೊಡ್ಡ ಆಸ್ಪತ್ರೆಗಳ ಲೆಕ್ಕದಲ್ಲಿ ಪ್ರಾಣಾಪಾಯ ಸಾವಿರದಲ್ಲಿ ಒಬ್ಬರ ಆಸುಪಾಸು, ಪಿತ್ತಕೋಶದ (ಗಾಲ್‌ಬ್ಲಾಡರ್) ಆಪರೇಷನ್‌ನಷ್ಟೇ. ಅಂಕಿ ಕೇಳಿದರೆ ಹೆದರುತ್ತಾರೆ ಅನ್ನೋದು ದೊಡ್ಡವರ ಊಹೆ. ಆ ವಯಸ್ಸಿನವರಿಗೆ ಅಂಕಿಯೇ ಧೈರ್ಯ, ಏಕೆಂದರೆ ಅದನ್ನು ತಿಳಿದುಕೊಂಡು ಯೋಚಿಸಬಹುದು.

ಪಕ್ಕದ ಮನೆಯವರು ಕೇಳಿದಾಗ ಹೇಳೋಕೆ ಮಕ್ಕಳ ಬಾಯಿಗೆ ಒಂದು ಸಾಲು ಕೊಟ್ಟಿರಿ: "ಅಮ್ಮನಿಗೆ ಒಂದು ಆಪರೇಷನ್ ಆಯ್ತು, ಈಗ ಹುಷಾರಾಗಿದಾರೆ." ಹೆಚ್ಚು ಕೆದಕಿದರೆ "ಅಮ್ಮನ್ನೇ ಕೇಳಿ ಆಂಟಿ." ಇದರಲ್ಲಿ ಸುಳ್ಳು ಇಲ್ಲ, ನಿಮ್ಮ ಖಾಸಗಿ ವಿಷಯವೂ ಬೀದಿಗೆ ಬೀಳಲ್ಲ.

ನೈಟ್_ಡ್ಯೂಟಿ (ಸರ್ಜರಿ ವಾರ್ಡ್ ನರ್ಸ್):

ಆಸ್ಪತ್ರೆ ಭಾಗ ನಾನು ಹೇಳ್ತೀನಿ.

ಬೆಂಗಳೂರಿನ ಅನೇಕ ಆಸ್ಪತ್ರೆಗಳಲ್ಲಿ 12 ವರ್ಷದೊಳಗಿನ ಮಕ್ಕಳನ್ನು ವಾರ್ಡಿಗೆ ಬಿಡಲ್ಲ, ಐಸಿಯುಗೆ ಅಂತೂ ಇಲ್ಲವೇ ಇಲ್ಲ. ನಿಮ್ಮ ಆಸ್ಪತ್ರೆಯ ನಿಯಮ ಏನು ಅಂತ ಅಡ್ಮಿಷನ್ ಕೌಂಟರಿನಲ್ಲಿ ಈಗಲೇ ಕೇಳಿ. ಮಕ್ಕಳಿಗೆ "ನೋಡೋಕೆ ಬರಬಹುದು" ಅಂತ ಮಾತು ಕೊಟ್ಟು, ಗೇಟ್ ಹತ್ತಿರ ಸೆಕ್ಯೂರಿಟಿ ವಾಪಸ್ ಕಳಿಸಿದರೆ ಅದೇ ದೊಡ್ಡ ಗಾಯ. ಬಿಡ್ತಾರೆ ಅಂದರೆ ಆಪರೇಷನ್ ದಿನ ಬೇಡ, ಮಾರನೇ ದಿನ ಸಂಜೆ ಕರೆಸಿ, ಹತ್ತು ಹದಿನೈದು ನಿಮಿಷ ಸಾಕು. ಅಷ್ಟು ಹೊತ್ತಿಗೆ ನೀವು ಎದ್ದು ಕಾರಿಡಾರಿನಲ್ಲಿ ಓಡಾಡುತ್ತಾ ಇರ್ತೀರ. ಬರೋ ಮುಂಚೆ ಏನೇನು ಕಾಣುತ್ತೆ ಅಂತ ಅವರ ಅಪ್ಪ ಹೇಳಿರಲಿ: ಕೈಯಲ್ಲಿ ಟೇಪ್ ಅಂಟಿಸಿದ ಕ್ಯಾನುಲಾ (ಡ್ರಿಪ್ ಹಾಕೋ ಸಣ್ಣ ನಳಿಕೆ), ಡ್ರಿಪ್ ಸ್ಟ್ಯಾಂಡ್, ರಕ್ತ ಹೆಪ್ಪುಗಟ್ಟದ ಹಾಗೆ ಕಾಲಿಗೆ ಹಾಕೋ ಬಿಗಿ ಸಾಕ್ಸ್, ಕೆಲವರಿಗೆ ಹೊಟ್ಟೆಯ ಪಕ್ಕದಲ್ಲಿ ಒಂದು ಡ್ರೈನ್ ಪೈಪ್. ಅದರಲ್ಲಿ ಕೆಂಪು ನೀರು ಕಂಡರೆ ಮಕ್ಕಳು ಬೆಚ್ಚುತ್ತಾರೆ, ಬೆಡ್‌ಶೀಟ್ ಕೆಳಗೆ ಮುಚ್ಚಿಡೋಕೆ ಡ್ಯೂಟಿ ಸಿಸ್ಟರ್‌ಗೆ ಹೇಳಿ.

ಆಪರೇಷನ್ ದಿನ ಸಂಜೆ ವಿಡಿಯೋ ಕಾಲ್ ಮಾಡಬೇಡಿ. ಗಂಟಲಲ್ಲಿ ಟ್ಯೂಬ್ ಇಟ್ಟಿದ್ದಕ್ಕೆ ಧ್ವನಿ ಒಡೆದಿರುತ್ತೆ, ವಾಂತಿ ಬರೋ ಹಾಗಿರುತ್ತೆ, ಮುಖ ಬಾಡಿರುತ್ತೆ. "ಅಮ್ಮನ ಆಪರೇಷನ್ ಮುಗೀತು, ಎಚ್ಚರ ಆಗಿದೆ" ಅಂತ ಅಪ್ಪನ ಫೋನ್ ಸಾಕು. ಕಾಲ್ ಮಾರನೇ ಬೆಳಿಗ್ಗೆ, ವ್ಯಾನ್ ಬರೋ ಮುಂಚೆ. ನೀವು ಭುಜ ಹಿಡಿದುಕೊಂಡು ಮುಖ ಕಿವುಚೋದನ್ನ ಮಗಳು ಗಮನಿಸಬಹುದು. ಆಪರೇಷನ್ ಹೊತ್ತಿನಲ್ಲಿ ಹೊಟ್ಟೆಗೆ ತುಂಬಿದ್ದ ಕಾರ್ಬನ್ ಡೈ ಆಕ್ಸೈಡ್ ಗ್ಯಾಸ್ ವಪೆಯನ್ನು (ಎದೆ-ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಕೆರಳಿಸಿರುತ್ತೆ, ಆ ನೋವು ಭುಜದಲ್ಲಿ ಕಾಣಿಸುತ್ತೆ. ಎರಡು ಮೂರು ದಿನದಲ್ಲಿ, ಓಡಾಡಿದಷ್ಟೂ ಬೇಗ ಇಳಿಯುತ್ತೆ.

ಮನೆಯಲ್ಲೇ ಶುರು ಮಾಡಬಹುದಾದ್ದು ಒಂದಿದೆ. ಮೂರು ಬಣ್ಣದ ಚೆಂಡುಗಳಿರೋ ಉಸಿರಾಟದ ಸಾಧನ, ಸ್ಪೈರೋಮೀಟರ್, ಆಪರೇಷನ್‌ಗೆ ಮುಂಚೆಯೇ ಕೊಟ್ಟಿರ್ತಾರೆ. ಊದೋದಲ್ಲ, ಪೈಪಿನಿಂದ ಉಸಿರು ಒಳಗೆ ಎಳೀಬೇಕು. ಮೊದಲು ಒಂದು ಚೆಂಡು ಏಳುತ್ತೆ, ಆಮೇಲೆ ಎರಡು, ಮೂರು. ಮಗನ ಎದುರಿಗೆ ಅಭ್ಯಾಸ ಮಾಡಿ, ಎಷ್ಟು ಹೊತ್ತು ಮೇಲೆ ನಿಲ್ಲುತ್ತೆ ಅಂತ ಅವನು ಎಣಿಸಲಿ. ಆಸ್ಪತ್ರೆಯಲ್ಲಿ ಅದೇ ವಸ್ತು ನಿಮ್ಮ ಕೈಯಲ್ಲಿ ಕಂಡರೆ ಅವನಿಗೆ ಪರಿಚಯದ್ದು ಅನ್ನಿಸುತ್ತೆ. ಅವನ ಬಾಯಿಗೆ ಮಾತ್ರ ಕೊಡಬೇಡಿ, ಸೋಂಕು ಹರಡುತ್ತೆ. ನಿಮ್ಮ ಸಿಪ್ಯಾಪ್ ಮೆಷಿನ್ ಮತ್ತು ಮಾಸ್ಕ್ ಅಡ್ಮಿಷನ್ ದಿನ ಜೊತೆಗೆ ತರಬೇಕು. ತೂಕ ಇಳೀತು ಅಂತ ಅದನ್ನು ನೀವೇ ನಿಲ್ಲಿಸೋ ಹಾಗಿಲ್ಲ, ಮತ್ತೆ ಸ್ಲೀಪ್ ಸ್ಟಡಿ ಆಗಬೇಕು.

ಮನೆಗೆ ಬಂದ ಮೇಲೆ 4ರಿಂದ 6 ವಾರ 5 ಕೆಜಿಗಿಂತ ಭಾರ ಎತ್ತೋ ಹಾಗಿಲ್ಲ. 5 ವರ್ಷದ ಮಗು 17-18 ಕೆಜಿ ಇರುತ್ತೆ. ಎತ್ತಿದರೆ ಗಾಯದ ಜಾಗದಲ್ಲಿ ಹರ್ನಿಯಾ ಆಗಬಹುದು. ಮಗ ಓಡಿ ಬಂದು ಹೊಟ್ಟೆಗೇ ಡಿಕ್ಕಿ ಹೊಡೆಯೋದೇ ದೊಡ್ಡ ತೊಂದರೆ. ಸೋಫಾದಲ್ಲಿ ಕೂತಾಗ ಮಡಿಲಲ್ಲಿ ಒಂದು ದಿಂಬು ಇರಲಿ, ಬಲಗಡೆಯೋ ಎಡಗಡೆಯೋ ಅವನ ಜಾಗ ಯಾವುದು ಅಂತ ಈಗಲೇ ಗೊತ್ತು ಮಾಡಿ. ಸ್ಕೂಟರಿನಲ್ಲಿ ಅವನನ್ನು ಮುಂದೆ ನಿಲ್ಲಿಸಿಕೊಂಡು ಹೋಗೋ ಅಭ್ಯಾಸ ಇದ್ದರೆ ಎರಡು ಮೂರು ವಾರ ಮರೆತುಬಿಡಿ. ರಸ್ತೆಯ ಪ್ರತಿ ಹಂಪ್‌ಗೂ ಅವನ ಬೆನ್ನು ನಿಮ್ಮ ಗಾಯಕ್ಕೆ ತಾಗುತ್ತೆ. ಸರ್ಜನ್ ಒಪ್ಪಿಗೆ ಕೊಟ್ಟ ಮೇಲೇ ಗಾಡಿ.

ಮೊದಲ 10 ದಿನ ಹಗಲಲ್ಲೂ ದೊಡ್ಡವರೊಬ್ಬರು ಮನೆಯಲ್ಲಿರಬೇಕು. ಅಮ್ಮನನ್ನು ನೋಡಿಕೊಳ್ಳೋ ಜವಾಬ್ದಾರಿ ಮಗಳಿಗೆ ಬೇಡ. ಆದರೂ ಫ್ರಿಜ್ ಮೇಲೆ ಮೂರು ನಂಬರ್ ಅಂಟಿಸಿ, ಅಪ್ಪ, ಆಸ್ಪತ್ರೆ, 108. ಜ್ವರ 101 ದಾಟಿದರೆ, ಸುಮ್ಮನೆ ಕೂತಿದ್ದರೂ ನಾಡಿ 120 ಮೇಲಿದ್ದರೆ, ಹೊಟ್ಟೆನೋವು ಏರುತ್ತಲೇ ಇದ್ದರೆ, ಉಸಿರು ಕಟ್ಟಿದರೆ, ಒಂದು ಕಾಲು ಮಾತ್ರ ಊದಿದರೆ, ನೀರೂ ನಿಲ್ಲದೆ ವಾಂತಿಯಾದರೆ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ. ಮಗಳಿಗೆ ಈ ಪಟ್ಟಿ ಓದಿ ಹೆದರಿಸಬೇಡಿ, "ಅಮ್ಮ ಏನೋ ಸರಿಯಿಲ್ಲ ಅನ್ನಿಸಿದರೆ ಅಪ್ಪನಿಗೆ ಫೋನ್ ಮಾಡು" ಅಷ್ಟು ಸಾಕು. ಪಟ್ಟಿ ಯಜಮಾನರಿಗೂ ಅತ್ತೆಯವರಿಗೂ ಗೊತ್ತಿರಲಿ.

ಬೇಳೆಕಟ್ಟು (ಡಯಟಿಷಿಯನ್):

ಮಗನಿಗೆ ನಾಲ್ಕೈದು ದಿನ ಮುಂಚೆ ಹೇಳಿದರೆ ಸಾಕು ಎಂಬ ಮಾತಿಗೆ ಒಂದು ತಿದ್ದುಪಡಿ. ಆಪರೇಷನ್‌ಗೆ ಹತ್ತರಿಂದ ಹದಿನಾಲ್ಕು ದಿನ ಮುಂಚೆ ಇವರಿಗೆ ಪ್ರೊಟೀನ್ ಹೆಚ್ಚಿರುವ, ಕ್ಯಾಲೊರಿ ಕಡಿಮೆಯಿರುವ ಲಿಕ್ವಿಡ್ ಡಯಟ್ ಶುರುವಾಗುತ್ತದೆ. ಪಿತ್ತಜನಕಾಂಗದ (ಲಿವರ್) ಕೊಬ್ಬು ಇಳಿದು ಅದು ಕುಗ್ಗಿದರೆ ಮಾತ್ರ ಸರ್ಜನ್‌ಗೆ ಅದನ್ನು ಎತ್ತಿ ಹಿಡಿದು ಕೆಳಗಿರುವ ಜಠರ ತಲುಪಲು ಜಾಗ ಸಿಗುತ್ತದೆ. ಅಂದರೆ ಅಮ್ಮ ತಟ್ಟೆ ಬಿಟ್ಟು ಲೋಟ ಹಿಡಿದಿದ್ದು ಮಗನಿಗೆ ಮೊದಲ ದಿನವೇ ಕಾಣುತ್ತದೆ. ಆವತ್ತೇ ಒಂದು ಸಾಲು ಹೇಳಿ: "ಡಾಕ್ಟರ್ ಅಮ್ಮನಿಗೆ ಸ್ವಲ್ಪ ದಿನ ಕುಡಿಯುವ ಊಟ ಮಾತ್ರ ಕೊಡಿ ಅಂದಿದ್ದಾರೆ." ಉಳಿದದ್ದು ಆಮೇಲೆ.

ಮಕ್ಕಳನ್ನು ಆಪರೇಷನ್ ಥಿಯೇಟರಿಗಿಂತ ಊಟದ ಮನೆಗೆ ಹೆಚ್ಚು ತಯಾರು ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಆಸ್ಪತ್ರೆ ಮೂರು ದಿನದ್ದು, ಊಟದ ಬದಲಾವಣೆ ಜೀವನಪೂರ್ತಿಯದ್ದು. ಹಂತಗಳು ಸಾಮಾನ್ಯವಾಗಿ ಹೀಗೆ, ನಿಮ್ಮ ಆಸ್ಪತ್ರೆಯ ಚಾರ್ಟಿನಲ್ಲಿ ಒಂದೆರಡು ದಿನ ಆಚೀಚೆ ಇರಬಹುದು. ಮೊದಲ ಒಂದೆರಡು ದಿನ ನೀರು, ಬೇಳೆ ಕಟ್ಟು, ಖಾರವಿಲ್ಲದ ತಿಳಿಸಾರು. 30 ಎಂಎಲ್‌ನಷ್ಟು, ಹದಿನೈದು ನಿಮಿಷಕ್ಕೊಮ್ಮೆ, ಗುಟುಕು ಗುಟುಕಾಗಿ. ಎರಡು ವಾರದ ತನಕ ಮಜ್ಜಿಗೆ, ಹಾಲು, ಸೋಸಿದ ರಾಗಿ ಅಂಬಲಿ, ಪ್ರೊಟೀನ್ ಪುಡಿ. ಮೂರನೇ-ನಾಲ್ಕನೇ ವಾರ ಕಿವುಚಿದ ಬೇಳೆ, ನುಣ್ಣಗೆ ರುಬ್ಬಿದ ತರಕಾರಿ. ಆಮೇಲೆ ಮೆತ್ತನೆಯ ಇಡ್ಲಿ, ಪನೀರ್, ಬೇಯಿಸಿದ ಮೊಟ್ಟೆ. ಎರಡು ತಿಂಗಳ ಹೊತ್ತಿಗೆ ಮನೆಯ ಊಟವೇ, ಕಾಲು ತಟ್ಟೆ, 20-30 ನಿಮಿಷ ಹಿಡಿಸಿ. ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಒಳಗೆ ಹೋಗಲೇಬೇಕು. ಊಟದ ಜೊತೆ ನೀರಿಲ್ಲ, ಊಟವಾಗಿ ಅರ್ಧ ಗಂಟೆ ಬಿಟ್ಟು. ನಮ್ಮ ಮನೆಗಳಲ್ಲಿ ಎಡವುವುದು ಮುದ್ದೆಯಲ್ಲಿ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಹೊಸ ಜಠರಕ್ಕೆ ಪ್ರತಿ ತುತ್ತೂ 20-30 ಸಲ ಅಗಿದು ಹೋಗಬೇಕು. ನುಂಗಿದ ಮುದ್ದೆಯೋ, ಅಂಟು ಅನ್ನವೋ, ಚಪಾತಿಯೋ ಅಲ್ಲೇ ಕೂತು ಎದೆ ಒತ್ತಿ ನೊರೆನೊರೆ ವಾಂತಿಯಾಗುತ್ತದೆ. ಮಕ್ಕಳು ಇದನ್ನು ಒಂದಲ್ಲ ಒಂದು ದಿನ ನೋಡುತ್ತಾರೆ. "ಅಮ್ಮ ಸ್ವಲ್ಪ ಬೇಗ ತಿಂದುಬಿಟ್ಟೆ, ಅದಕ್ಕೇ ವಾಪಸ್ ಬಂತು, ಈಗ ಸರಿಹೋಯ್ತು" ಎಂದು ಶಾಂತವಾಗಿ ಹೇಳಿ.

ಅಡುಗೆ ಮನೆಯಲ್ಲಿ ಅಡಗಿಕೊಂಡು ಕುಡಿಯಬೇಡಿ, ಎಲ್ಲರ ಜೊತೆ ಕೂತೇ ಕುಡಿಯಿರಿ. ಮಗನಿಗೆ ಕೈತುತ್ತು ಹಾಕುವ ಅಭ್ಯಾಸವಿದ್ದರೆ ಮುಂದುವರಿಸಿ. ಆದರೆ ತಟ್ಟೆಯಲ್ಲಿ ಉಳಿಯುವ ಆ ಕೊನೆಯ ತುತ್ತು, ಅನ್ನ-ಸಾರು ಕಲಸಿದ್ದು, ಎಲ್ಲ ಅಮ್ಮಂದಿರೂ ವ್ಯರ್ಥ ಮಾಡಬಾರದೆಂದು ಬಾಯಿಗೆ ಹಾಕಿಕೊಳ್ಳುವಂಥದ್ದು, ಅದನ್ನು ಬಿಡಬೇಕು. ಮೊದಲೇ ಸ್ವಲ್ಪ ಕಡಿಮೆ ಕಲಸಿ. ಹಾಗೆಯೇ ನಿಮ್ಮ ತಟ್ಟೆಯಲ್ಲಿ ಉಳಿದದ್ದನ್ನು ಮಗಳು ಮುಗಿಸುವ ಪದ್ಧತಿಯೂ ಶುರುವಾಗಬಾರದು.

ಮಕ್ಕಳ ಊಟ ಹಿಂದಿನಂತೆಯೇ ನಡೆಯಲಿ. "ಎಲ್ಲರೂ ಸೇರಿ ಡಯಟ್ ಮಾಡೋಣ" ಬೇಡ. ಬೆಳೆಯುವ ಮಕ್ಕಳಿಗೆ ಅನ್ನ, ರೊಟ್ಟಿ, ತುಪ್ಪ ಎಲ್ಲ ಬೇಕು. ಮನೆಗೆ ಕೂಲ್‌ಡ್ರಿಂಕ್ಸ್ ತರುವುದನ್ನು ನಿಲ್ಲಿಸಿದರೆ ಎಲ್ಲರಿಗೂ ಒಳ್ಳೆಯದು, ಅದಕ್ಕೆ ಆಪರೇಷನ್ನಿನ ಹೆಸರು ಹಾಕಬೇಡಿ. ಮಗ 30 ಎಂಎಲ್ ಲೋಟ ತಂದುಕೊಡಲಿ, ಖುಷಿಪಡುತ್ತಾನೆ. ಆದರೆ "ಅಮ್ಮ ಜಾಸ್ತಿ ತಿಂದರೆ ನನಗೆ ಹೇಳು" ಎಂದು ಮಕ್ಕಳನ್ನು ಕಾವಲಿಗೆ ಹಾಕಬೇಡಿ. ಅಮ್ಮನ ತುತ್ತು ಎಣಿಸುವ ಮಗು ನಾಳೆ ತನ್ನ ತುತ್ತನ್ನೂ ಎಣಿಸುತ್ತದೆ. ಹಬ್ಬದ ದಿನ "ಒಂದೇ ಒಂದು ಕಡುಬು ಅಮ್ಮಾ" ಎಂದು ಬಾಯಿಗಿಟ್ಟರೆ, "ಅಮ್ಮನ ಜಠರ ಇನ್ನೂ ವಾಸಿ ಆಗುತ್ತಿದೆ ಕಂದ, ನೀನು ತಿನ್ನು, ಹೇಗಿದೆ ಹೇಳು" ಅನ್ನಿ.

ಒಂದು ಎಚ್ಚರಿಕೆ, ಇದನ್ನು ಹಲವರು ಮರೆಯುತ್ತಾರೆ. ಆಪರೇಷನ್ ನಂತರ ಮಲ್ಟಿವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ಬಿ12, ಡಿ ವಿಟಮಿನ್ ಜೀವನಪೂರ್ತಿ ಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಅಂತರವಿರಬೇಕಾದ್ದರಿಂದ ಡಬ್ಬಿಗಳು ದಿನವಿಡೀ ಟೇಬಲ್ ಮೇಲೆಯೇ ಇರುತ್ತವೆ. ಕಬ್ಬಿಣದ ಮಾತ್ರೆಯ ಒಂದು ಸ್ಟ್ರಿಪ್ 5 ವರ್ಷದ ಮಗುವಿನ ಹೊಟ್ಟೆಗೆ ಹೋದರೆ ಪ್ರಾಣಾಪಾಯ. ಜೆಲ್ಲಿಯಂಥ ವಿಟಮಿನ್ ತರಲೇಬೇಡಿ, ಚಾಕಲೇಟ್ ಎಂದೇ ತಿನ್ನುತ್ತಾನೆ. ಮೇಲಿನ ಶೆಲ್ಫ್, ಮುಚ್ಚಳ ಬಿಗಿ.

ಮೂರರಿಂದ ಆರನೇ ತಿಂಗಳಲ್ಲಿ ಕೂದಲು ಉದುರುತ್ತದೆ. ತೂಕ ಬೇಗ ಇಳಿದಾಗ ಹೀಗಾಗುತ್ತದೆ, ಪ್ರೊಟೀನ್-ಕಬ್ಬಿಣ ಸರಿಯಾಗಿದ್ದರೆ ಮತ್ತೆ ಬರುತ್ತದೆ. ಬಚ್ಚಲಲ್ಲಿ ಕೂದಲುಂಡೆ, ಸೊರಗಿದ ಕೆನ್ನೆ ಎರಡನ್ನೂ ನೋಡಿದ ಮಗಳು ಅಮ್ಮನಿಗೆ ಕ್ಯಾನ್ಸರ್ ಅಂದುಕೊಳ್ಳಬಹುದು. ಇದನ್ನು ಈಗಲೇ ಹೇಳಿಡಿ.

ಹೊಂಗೆ_ನೆರಳು:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಮಗಳ ಹತ್ತಿರ ಮಾತಾಡಿದೆ. ಎಲ್ಲ ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಎರಡು ಪ್ರಶ್ನೆ ಕೇಳಿದಳು. "ನೀನು ಕಡಿಮೆ ತಿಂದು ವಾಕಿಂಗ್ ಹೋಗಿದ್ರೆ ಆಗ್ತಿರಲಿಲ್ವಾ?" ಮತ್ತೆ "ದೊಡ್ಡವಳಾದ ಮೇಲೆ ನನಗೂ ಮಾಡಿಸ್ತೀರಾ?" ಎರಡಕ್ಕೂ "ಆಮೇಲೆ ಹೇಳ್ತೀನಿ" ಅಂದಿದ್ದೀನಿ. ಏನು ಹೇಳಲಿ?

ಮಕ್ಕಳ_ಮಾತು:

ಕೇಳಿದಳಲ್ಲ, ಅದೇ ಒಳ್ಳೆಯದು. "ಆಮೇಲೆ" ಅನ್ನೋದು ಎರಡು ದಿನ ದಾಟದಿರಲಿ. (ಬೇಳೆಕಟ್ಟು ಅವರ ತಿದ್ದುಪಡಿ ಸರಿ. ಲೋಟ ಹಿಡಿದ ದಿನವೇ ಮಗನಿಗೂ ಒಂದು ಸಾಲು ಹೇಳಿ.)

ಮೊದಲನೆಯ ಪ್ರಶ್ನೆಗೆ ತಪ್ಪೊಪ್ಪಿಗೆಯೂ ಬೇಡ, ಸಿಟ್ಟೂ ಬೇಡ, ವಿಜ್ಞಾನ ಹೇಳಿ. ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ ದೇಹ ಅದನ್ನು ಬರಗಾಲ ಅಂದುಕೊಂಡು ಹಸಿವು ಹೆಚ್ಚಿಸುತ್ತೆ, ಶಕ್ತಿಯ ಖರ್ಚು ಕಡಿಮೆ ಮಾಡುತ್ತೆ, ಹಳೇ ತೂಕಕ್ಕೆ ವಾಪಸ್ ಎಳೆಯುತ್ತೆ. ಹಸಿವು ಹೆಚ್ಚಿಸೋ ಗ್ರೆಲಿನ್ ಅನ್ನೋ ಹಾರ್ಮೋನ್ ಮುಖ್ಯವಾಗಿ ತಯಾರಾಗೋದು ಜಠರದ ಮೇಲ್ಭಾಗದಲ್ಲಿ. ಸ್ಲೀವ್ ಮಾಡುವಾಗ ಆ ಭಾಗವೇ ಹೋಗುತ್ತೆ, ಹಾಗಾಗಿ ಹಸಿವಿನ ಸದ್ದು ತಗ್ಗುತ್ತೆ. 11ರ ಹುಡುಗಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. "ವಾಕಿಂಗ್, ಊಟ ಎಲ್ಲ ಮುಂದೆಯೂ ಬೇಕು, ಅದೊಂದೇ ಅಮ್ಮನ ದೇಹಕ್ಕೆ ಸಾಕಾಗಲಿಲ್ಲ. ಅದಕ್ಕೇ ಡಾಕ್ಟರ್ ಸಹಾಯ." ಇಷ್ಟು ನಿಜ, ಇದರಲ್ಲಿ ಸೋಮಾರಿತನದ ಮಾತೂ ಇಲ್ಲ, ನಾಚಿಕೆಯೂ ಇಲ್ಲ.

ಎರಡನೆಯದಕ್ಕೆ: "ಇಲ್ಲ ಕಂದ, ಹಾಗೇನೂ ಬರೆದಿಟ್ಟಿಲ್ಲ. ನಿನ್ನ ದೇಹ ಬೇರೆ, ಇನ್ನೂ ಬೆಳೀತಾ ಇದೆ." ಮೈಕಟ್ಟು ವಂಶದಿಂದ ಬರುತ್ತೆ ಅನ್ನೋದನ್ನ ಮರೆಮಾಚಬೇಡಿ, ಅವಳಿಗೆ ಕನ್ನಡಿ ಇದೆ. ಆದರೆ ವಂಶದಿಂದ ಒಲವು ಬರಬಹುದು, ಕಾಯಿಲೆ ಬಂದೇ ಬರುತ್ತೆ ಅಂತಲ್ಲ. ಋತುಚಕ್ರ ಶುರುವಾಗೋ ಆಸುಪಾಸಿನ ವರ್ಷಗಳಲ್ಲಿ ಹೆಣ್ಣುಮಕ್ಕಳ ಮೈ ತುಂಬಿಕೊಳ್ಳೋದು ಸಹಜ. ಅವಳ ತೂಕದ ಬಗ್ಗೆ ನಿಜವಾಗಿ ಯೋಚನೆ ಇದ್ದರೆ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. 5ರಿಂದ 18 ವರ್ಷದವರಿಗೆ ಭಾರತೀಯ ಮಕ್ಕಳ ವೈದ್ಯರ ಸಂಘದ 2015ರ ಬೆಳವಣಿಗೆ ಚಾರ್ಟ್ ಇದೆ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) ಅನ್ನು ವಯಸ್ಸಿಗೆ ತಕ್ಕ ಹಾಗೆ ಅದರಲ್ಲಿ ನೋಡ್ತಾರೆ. ದೊಡ್ಡವರ ಬಿಎಂಐ ಲೆಕ್ಕ ಮಕ್ಕಳಿಗೆ ಹೊಂದಲ್ಲ. ಆದರೆ ನಿಮ್ಮ ಆಪರೇಷನ್ ಆದ ತಿಂಗಳಲ್ಲೇ ಕರೆದುಕೊಂಡು ಹೋಗಬೇಡಿ, ಎರಡಕ್ಕೂ ಗಂಟು ಬೀಳುತ್ತೆ.

ತೂಕದ ಮೆಷಿನ್ ಹಾಲ್‌ನಿಂದ ನಿಮ್ಮ ರೂಮಿಗೆ ಹೋಗಲಿ. ಕೆಜಿ ಇಳಿದ ಲೆಕ್ಕ ಊಟದ ಹೊತ್ತಿನಲ್ಲಿ ಬೇಡ. ಮಕ್ಕಳಿಗೆ ಹೇಳೋಕೆ ಬೇರೆ ಗುರುತುಗಳಿವೆ: ಶುಗರ್ ಮಾತ್ರೆ ಕಡಿಮೆ ಆಯ್ತು, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟಲ್ಲ. ಶುಗರ್ ಮಾತ್ರೆಯ ಡೋಸ್ ಆಪರೇಷನ್ ಆದ ಕೆಲವೇ ದಿನದಲ್ಲಿ ಡಾಕ್ಟರ್ ಬದಲಿಸಬಹುದು, ಯಾಕಂದರೆ ಹಳೇ ಡೋಸ್‌ಗೆ ಶುಗರ್ ಪೂರಾ ಇಳಿದು ಬೆವರು, ನಡುಕ ಬರಬಹುದು. ಹಾಗಾದಾಗ ದೊಡ್ಡವರನ್ನು ಕೂಗಬೇಕು ಅಂತ ಮಗಳಿಗೆ ತಿಳಿದಿರಲಿ.

ನೆಂಟರ ಬಾಯಿ ಬಗ್ಗೆ ಯಜಮಾನರು ಮುಂಚೆಯೇ ಫೋನ್ ಮಾಡಿ ಹೇಳಬೇಕು, ಮನೆಗೆ ಬಂದ ಮೇಲಲ್ಲ. "ಥೇಟ್ ಅಮ್ಮನ ಹಾಗೇ" ನಿಲ್ಲಬೇಕು. "ಈಗ ಎಷ್ಟು ಚೆಂದ ಕಾಣ್ತೀಯ!" ಅನ್ನೋದೂ ಮಗಳ ಎದುರಿಗೆ ಬೇಡ. ಹಿಂದೆ ಅಮ್ಮ ಚೆಂದ ಇರಲಿಲ್ಲ, ಆದ್ದರಿಂದ ನಾನೂ ಇಲ್ಲ ಅಂತ ಅವಳು ಲೆಕ್ಕ ಹಾಕ್ತಾಳೆ. ಯಾರಾದರೂ ಅಂದೇಬಿಟ್ಟರೆ "ಆರೋಗ್ಯ ಚೆನ್ನಾಗಾಗಿದೆ ಅತ್ತಿಗೆ, ಅದೇ ಖುಷಿ" ಅಂತ ಅವಳಿಗೆ ಕೇಳೋ ಹಾಗೆ ತಿರುಗಿಸಿ.

ಟಿಫಿನ್ ಡಬ್ಬಿ ದಿನಾ ತುಂಬಿದ್ದು ತುಂಬಿದ ಹಾಗೇ ವಾಪಸ್ ಬಂದರೆ, ಊಟವಾದ ಕೂಡಲೇ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರೆ, ತಿಂಡಿ ಬಚ್ಚಿಟ್ಟು ತಿಂದರೆ, ಫೋಟೊಗೆ ನಿಲ್ಲೋಕೆ ಒಪ್ಪದಿದ್ದರೆ, ಇದು ಎರಡು ವಾರ ನಡೆದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ರಾತ್ರಿಯೂ ಸಿಗುತ್ತಾರೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆಂದೇ ಪ್ರತ್ಯೇಕ ವಿಭಾಗ ಇದೆ. ಮೊದಲ ಸಲ ಹೋಗುವಾಗ ಬೆಳಿಗ್ಗೆ ಬೇಗ ಹೊರಡಿ, ಇಡೀ ದಿನ ಹಿಡಿಯುತ್ತೆ.

ಸೀಮೆಸುಣ್ಣ (ಪ್ರಾಥಮಿಕ ಶಾಲೆ ಶಿಕ್ಷಕಿ):

ಶಾಲೆಗೂ ಒಂದು ಮಾತು ತಿಳಿಸಿ ಮೇಡಂ, ಡೈರಿಯಲ್ಲಿ ಬರೆಯುವುದಕ್ಕಿಂತ ಕ್ಲಾಸ್ ಟೀಚರನ್ನು ನೇರ ಭೇಟಿ ಮಾಡಿ. ಯಾವ ಆಪರೇಷನ್ ಎಂದು ಹೇಳಬೇಕಾಗಿಲ್ಲ. ಅಡ್ಮಿಟ್ ಆಗುವ ದಿನ, ಮನೆಗೆ ಬರುವ ದಿನ, ಆ ನಡುವೆ ಯಾರಿಗೆ ಫೋನ್ ಮಾಡಬೇಕು, ಇಷ್ಟು ಸಾಕು. ಅಜ್ಜಿ ಕರೆದುಕೊಂಡು ಹೋಗುವುದಾದರೆ ಅವರ ಹೆಸರು, ಫೋಟೊ, ನಂಬರಿನ ಜೊತೆ ಪತ್ರ ಕೊಟ್ಟಿರಿ. ಪಿಕ್‌ಅಪ್ ಪಟ್ಟಿಯಲ್ಲಿ ಇಲ್ಲದವರ ಕೈಗೆ ಮಗುವನ್ನು ಕಳಿಸುವುದಿಲ್ಲ, ಗೇಟಿನಲ್ಲಿ ವಾದ ಮಾಡಿದರೂ. ವ್ಯಾನ್ ಡ್ರೈವರಿಗೂ ಹೇಳಿ. ಆ ವಾರ ಚಿಕ್ಕವನು ಚಡ್ಡಿ ಒದ್ದೆ ಮಾಡಿಕೊಳ್ಳಬಹುದು, ಹೊಟ್ಟೆನೋವು ಎಂದು ಅಳಬಹುದು. ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಇಟ್ಟಿರಿ. ಮಕ್ಕಳನ್ನು ಆ ಮೂರು ದಿನ ನೆಂಟರ ಊರಿಗೆ ಕಳಿಸಬೇಡಿ. ಅವರದೇ ಹಾಸಿಗೆ, ಅವರದೇ ಶಾಲೆ ಇದ್ದರೆ ಅರ್ಧ ಭಯ ಹೋಗುತ್ತದೆ.

ಹೊಂಗೆ_ನೆರಳು:

ಇನ್ನೊಂದೇ ಒಂದು. ಮಗ ರಾತ್ರಿ ನನ್ನ ಪಕ್ಕದಲ್ಲೇ, ಹೊಟ್ಟೆ ಮೇಲೆ ಕಾಲು ಹಾಕಿಕೊಂಡು ಮಲಗೋದು. ಆಪರೇಷನ್ ಆದ ಮೇಲೆ ಏನು ಮಾಡಲಿ?

ನೈಟ್_ಡ್ಯೂಟಿ:

ಮೂರು ವಾರ ಒಂದೇ ಹಾಸಿಗೆ ಬೇಡ. ನಿದ್ದೆಯಲ್ಲಿ ಒದ್ದರೆ ದಿಂಬು ತಡೆಯಲ್ಲ. ಹಾಸಿಗೆ ಬದಲಾವಣೆಯನ್ನ ಈ ವಾರವೇ ಶುರು ಮಾಡಿ, ಆಗ ಅವನು ಅದನ್ನ ಆಪರೇಷನ್ ಜೊತೆ ಸೇರಿಸಿಕೊಳ್ಳಲ್ಲ. ನಿಮ್ಮ ಮಂಚದ ಪಕ್ಕದಲ್ಲೇ ನೆಲದ ಮೇಲೆ ಅಪ್ಪನ ಜೊತೆ ಹಾಸಿ. ಮೊದಲ ವಾರ ನೀವು ಬೆನ್ನಿಗೆ ಎರಡು ಮೂರು ದಿಂಬು ಕೊಟ್ಟು, ತಲೆ ಎತ್ತರಿಸಿಕೊಂಡು ಮಲಗಿದರೆ ಹಿತ, ಮಲಗಿದಾಗ ಹುಳಿತೇಗೂ ಕಡಿಮೆ. ಮಂಚದ ಅವನ ಕಡೆಯ ಅಂಚಿನಲ್ಲಿ ಮಲಗಿ, ಕೈ ಇಳಿಬಿಟ್ಟರೆ ಅವನು ಹಿಡಿದುಕೊಂಡು ಮಲಗ್ತಾನೆ. ಡ್ರಿಪ್ ಹಾಕಿದ್ದ ಕೈ ಕೆಲವು ದಿನ ನೋಯುತ್ತೆ, ಅದಕ್ಕೇ ಯಾವ ಕಡೆ ಮಲಗ್ತೀರ ಅಂತ ನೋಡಿಕೊಂಡು, ಆಚೆ ಕೈಗೆ ಕ್ಯಾನುಲಾ ಹಾಕಿ ಅಂತ ಅಡ್ಮಿಷನ್ ದಿನ ಸಿಸ್ಟರ್‌ಗೆ ಕೇಳಿಕೊಳ್ಳಿ. ನರ ಸಿಕ್ಕರೆ ಹಾಗೇ ಹಾಕ್ತಾರೆ.